ಅಜೀಂ ಪ್ರೇಮ್‌ಜಿಯವರ ಬದುಕನ್ನು ನಾವು ಓದುವ ಬಗೆ

2020ರ ಮಾರ್ಚ್ ಕೊನೆಯ ವಾರ ಮತ್ತು ಎಪ್ರಿಲ್ ಮೊದಲ ವಾರವನ್ನು ಈ ದೇಶದ ಮುಸ್ಲಿಮರು ಅಷ್ಟು ಬೇಗ ಮರೆಯಲಾರರು. ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ಸೇರಿದ್ದ ತಬ್ಲೀಗ್ ಜಮಾಅತ್‌ನವರ ನೆಪದಲ್ಲಿ ಟಿ.ವಿ. ಚಾನೆಲ್‌ಗಳು ಇಡೀ ಸಮುದಾಯವನ್ನೇ ಸೋಂಕಿನ ಆರೋಪಿಯನ್ನಾಗಿ ಮಾಡಿ ಹಗಲಿರುಳು ಬೊಬ್ಬಿಟ್ಟವು. ತರಕಾರಿ ಗಾಡಿಯವನ ಹೆಸರು ಕೇಳಿ ವ್ಯಾಪಾರ ಮಾಡುವ ದಿನಗಳು ಬಂದವು. ಅದೇ ಎಪ್ರಿಲ್ 1ರಂದು ವಿಪ್ರೋ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ ಕೊರೋನಾ ಪರಿಹಾರಕ್ಕೆ 1,125 ಕೋಟಿ ರೂಪಾಯಿಗಳನ್ನು ಘೋಷಿಸಿದವು. ನಮ್ಮವರ ಮೊಬೈಲ್‌ಗಳಲ್ಲಿ ಪ್ರೇಮ್‌ಜಿಯವರ ಬಿಳಿ ತಲೆಗೂದಲಿನ ಚಿತ್ರ ಓಡಾಡತೊಡಗಿತು. ‘ನೋಡಿ, ಇವರೂ ಮುಸ್ಲಿಮರೇ’ ಎಂಬುದು ಅದರ ಜೊತೆಗಿದ್ದ ಮಾತಿನ ಸಾರ.

ನೋವಿನಲ್ಲಿದ್ದವರು ಕೈಗೆ ಸಿಕ್ಕಿದ ಊರುಗೋಲನ್ನು ಹಿಡಿದರೆ ತಪ್ಪೇನೂ ಇಲ್ಲ. ಆದರೆ ಅಂದಿನಿಂದಲೂ, ಅದಕ್ಕಿಂತ ಬಹಳ ಹಿಂದಿನಿಂದಲೂ, ನಾವು ಈ ಮನುಷ್ಯನ ಬದುಕನ್ನು ಒಂದು ಸರ್ಟಿಫಿಕೇಟಿನಂತೆ ಬಳಸುತ್ತಾ ಬಂದಿದ್ದೇವೆ. ನಮ್ಮ ದೇಶಪ್ರೇಮದ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದಾಗ ಜೇಬಿನಿಂದ ತೆಗೆದು ತೋರಿಸುವ ಚೀಟಿ ಅದು. ಅಬ್ದುಲ್ ಕಲಾಂ, ಬಿಸ್ಮಿಲ್ಲಾ ಖಾನ್, ಅಜೀಂ ಪ್ರೇಮ್‌ಜಿ ಎಂದು ಸಾಲಾಗಿ ಹೆಸರು ಹೇಳಿ ಮುಗಿಸಿಬಿಡುತ್ತೇವೆ. ಹೆಸರು ಹೇಳಿದ ಮೇಲೆ ಆ ಬದುಕನ್ನು ಓದುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ವಿಪರ್ಯಾಸವೆಂದರೆ ಸ್ವತಃ ಪ್ರೇಮ್‌ಜಿಯವರೇ ಈ ಚೀಟಿಗೆ ಸಹಿ ಹಾಕಲು ಎಂದೂ ಒಪ್ಪಿದವರಲ್ಲ. 2007ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಅವರ ಬಗ್ಗೆ ಒಂದು ದೊಡ್ಡ ಲೇಖನ ಪ್ರಕಟಿಸಿತು. ಹಿಂದೂ ಬಹುಸಂಖ್ಯಾತರ ದೇಶದಲ್ಲಿ ಒಬ್ಬ ಮುಸ್ಲಿಂ ಶತಕೋಟ್ಯಾಧಿಪತಿ ಹೇಗೆ ಬೆಳೆದ ಎಂಬುದು ಅದರ ತಲೆಬರಹದ ತಾತ್ಪರ್ಯ. ತಮ್ಮ ಕುಟುಂಬ ತನ್ನನ್ನು ಭಾರತೀಯ ಎಂದಷ್ಟೇ ಕಂಡಿದೆ, ಹಿಂದೂ ಮುಸ್ಲಿಂ ಎಂಬ ಲೆಕ್ಕದಲ್ಲಿ ಅಲ್ಲ ಎಂಬ ಅರ್ಥದ ಮಾತನ್ನು ಪ್ರೇಮ್‌ಜಿ ಆ ಸಂದರ್ಭದಲ್ಲಿ ಹೇಳಿದರು. ಸಮುದಾಯದ ನಾಯಕತ್ವವನ್ನು ಅವರು ಕೇಳಲಿಲ್ಲ, ಕೊಟ್ಟಾಗಲೂ ತೆಗೆದುಕೊಳ್ಳಲಿಲ್ಲ. ಇದಕ್ಕಾಗಿ ನಮ್ಮಲ್ಲೇ ಕೆಲವರು ಅವರನ್ನು ಟೀಕಿಸಿದ್ದುಂಟು. ಆ ಟೀಕೆ ನಮಗೆ ಸರಿ ಕಾಣುವುದಿಲ್ಲ. ಟಾಟಾ ಪಾರ್ಸಿಗಳ ಪ್ರತಿನಿಧಿಯಾಗಬೇಕು, ಬಿರ್ಲಾ ಮಾರ್ವಾಡಿಗಳ ವಕೀಲನಾಗಬೇಕು ಎಂದು ಯಾರೂ ಒತ್ತಾಯಿಸುವುದಿಲ್ಲ. ಹಾಗಿರುವಾಗ ಪ್ರೇಮ್‌ಜಿಗೆ ಮಾತ್ರ ಆ ಹೊರೆ ಯಾಕೆ?

ಇನ್ನೊಂದು ಕಡೆಯಿಂದ ನೋಡಿದರೂ ಈ ಸರ್ಟಿಫಿಕೇಟ್ ಕೆಲಸಕ್ಕೆ ಬಾರದು. ಒಬ್ಬ ಪ್ರೇಮ್‌ಜಿ ಇದ್ದಾರೆಂದರೆ ಮುಸ್ಲಿಮರಿಗೆ ಅವಕಾಶದ ಕೊರತೆಯಿಲ್ಲ ಎಂದು ವಾದಿಸುವವರೂ ಅದೇ ಹೆಸರನ್ನು ಬಳಸುತ್ತಾರೆ. 2006ರಲ್ಲಿ ಸಾಚಾರ್ ಸಮಿತಿ ವರದಿ ಕೊಟ್ಟಾಗ ದೇಶದ ಜನಸಂಖ್ಯೆಯಲ್ಲಿ ಶೇ.13.4ರಷ್ಟಿದ್ದ ಮುಸ್ಲಿಮರ ಪಾಲು ಐ.ಎ.ಎಸ್.ನಲ್ಲಿ ಶೇ.3, ಐ.ಪಿ.ಎಸ್.ನಲ್ಲಿ ಶೇ.4. ಸಾಕ್ಷರತೆ 2001ರ ಜನಗಣತಿಯ ಪ್ರಕಾರ ಶೇ.59.1, ಅಂದರೆ ರಾಷ್ಟ್ರೀಯ ಸರಾಸರಿಗಿಂತ ಆರು ಅಂಶ ಕಡಿಮೆ. ಒಬ್ಬ ವ್ಯಕ್ತಿಯ ಸಂಪತ್ತು ಎಷ್ಟೇ ದೊಡ್ಡದಾದರೂ ಈ ಅಂಕಿಗಳ ಮೇಲೆ ಹೊದಿಸುವ ಚಾದರವಾಗಲಾರದು.

ಇದು ನಮ್ಮ ಕಡೆಯ ಓದು. ಇನ್ನೊಂದು ಓದು ವಾಣಿಜ್ಯ ಪತ್ರಿಕೆಗಳದ್ದು. 2006ರಲ್ಲಿ ಸ್ಟೀವ್ ಹ್ಯಾಮ್ ಬರೆದ ‘ಬೆಂಗಳೂರ್ ಟೈಗರ್’ ಬಂತು. 2020ರಲ್ಲಿ ಸಂದೀಪ್ ಖನ್ನಾ ಮತ್ತು ವರುಣ್ ಸೂದ್ ಬರೆದ ಜೀವನಚರಿತ್ರೆ ಬಂತು. ಪತ್ರಕರ್ತರು ಶ್ರಮಪಟ್ಟು ಬರೆದ ಪುಸ್ತಕಗಳಿವು. ಆದರೆ ಪುಸ್ತಕಗಳಿಗಿಂತ ಹೆಚ್ಚಾಗಿ ಜನಮನದಲ್ಲಿ ಉಳಿದಿರುವುದು ಪತ್ರಿಕೆಗಳು ಪದೇ ಪದೇ ಅಚ್ಚು ಹಾಕುವ ಒಂದಷ್ಟು ಪ್ರಸಂಗಗಳು. ವಿಮಾನದಲ್ಲಿ ಇಕಾನಮಿ ಸೀಟು, ಹಳೆಯ ಕಾರು, ಕಚೇರಿಯಲ್ಲಿ ಬೆಳಗುತ್ತಿದ್ದ ದೀಪವನ್ನು ತಾವೇ ಆರಿಸಿದ್ದು, ಶೌಚಾಲಯದ ಕಾಗದಕ್ಕೂ ಲೆಕ್ಕ ಕೇಳಿದ್ದು. ಸಂತರ ಪವಾಡ ಕತೆಗಳ ಜಾಗದಲ್ಲಿ ಇವು ಕೂತಿವೆ. ಸರಳತೆ ಒಳ್ಳೆಯ ಗುಣ. ಆದರೆ ದೀಪ ಆರಿಸಿ ಯಾರೂ ಲಕ್ಷ ಕೋಟಿ ಕೂಡಿಸಿದ್ದಿಲ್ಲ. ನಮ್ಮ ಮನೆಯ ಅಜ್ಜಿಯಂದಿರು ಅದಕ್ಕಿಂತ ಹೆಚ್ಚು ದೀಪಗಳನ್ನು ಆರಿಸಿದ್ದಾರೆ. ಈ ಕತೆಗಳು ಮಾಡುವ ಕೆಲಸವೇ ಬೇರೆ. ಸಂಪತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಸಂಪತ್ತಿದ್ದವರು ಹೇಗೆ ಬದುಕಿದರು ಎಂಬುದರ ಹಿಂದೆ ಅಡಗಿಸಿಬಿಡುತ್ತವೆ.

ಎಲ್ಲಿಂದ ಬಂತು? ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಅಮಳನೇರ್ ಎಂಬ ಸಣ್ಣ ಪಟ್ಟಣವಿದೆ. ಸಾನೆ ಗುರೂಜಿ ಮೇಷ್ಟ್ರಾಗಿದ್ದ ಊರು ಅದು. ಸುತ್ತಮುತ್ತ ಹತ್ತಿ, ಶೇಂಗಾ ಬೆಳೆಯುವ ಖಾನ್‌ದೇಶದ ನೆಲ. ಅಲ್ಲಿ 1945ರ ಡಿಸೆಂಬರಿನಲ್ಲಿ ಮುಹಮ್ಮದ್ ಹಾಶಿಂ ಪ್ರೇಮ್‌ಜಿ ಎಂಬ ಗುಜರಾತಿ ಮುಸ್ಲಿಂ ವ್ಯಾಪಾರಿ ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಎಂಬ ಕಂಪೆನಿ ಆರಂಭಿಸಿದರು. ಸನ್‌ಫ್ಲವರ್ ಹೆಸರಿನ ವನಸ್ಪತಿ, 787 ಹೆಸರಿನ ಬಟ್ಟೆ ಸಾಬೂನು ಅದರ ಸರಕು. ಮಗ ಅಜೀಂ ಹುಟ್ಟಿದ್ದು ಅದೇ ವರ್ಷದ ಜುಲೈ 24ರಂದು ಮುಂಬಯಿಯಲ್ಲಿ. ಕುಟುಂಬದ ಅಕ್ಕಿ ವ್ಯಾಪಾರ ಬರ್ಮಾದವರೆಗೆ ಹಬ್ಬಿತ್ತು. ಹಾಶಿಂ ಪ್ರೇಮ್‌ಜಿಯವರನ್ನು ಬರ್ಮಾದ ಅಕ್ಕಿ ದೊರೆ ಎಂದು ಕರೆಯುತ್ತಿದ್ದರಂತೆ. ದೇಶ ವಿಭಜನೆಯ ಹೊತ್ತಿನಲ್ಲಿ ಜಿನ್ನಾ ಅವರನ್ನು ಪಾಕಿಸ್ತಾನಕ್ಕೆ ಕರೆದರೂ ಅವರು ಹೋಗಲಿಲ್ಲ ಎಂಬ ಪ್ರಸಂಗವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನಾವಂತೂ ಹೆಮ್ಮೆಯಿಂದಲೇ ಉಲ್ಲೇಖಿಸುತ್ತೇವೆ. ಆದರೆ ಹೋಗದೆ ಉಳಿದವರು ಕೋಟಿಗಟ್ಟಲೆ ಜನ. ಅವರನ್ನು ಯಾರೂ ಕರೆಯಲಿಲ್ಲ, ನಿರಾಕರಿಸುವ ಗೌರವವೂ ಅವರಿಗೆ ಸಿಗಲಿಲ್ಲ.

1966ರ ಆಗಸ್ಟ್‌ನಲ್ಲಿ ತಂದೆ ತೀರಿಕೊಂಡರು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ 21ರ ಹುಡುಗ ಓದು ಅರ್ಧಕ್ಕೆ ಬಿಟ್ಟು ಬಂದು ಕುರ್ಚಿಯಲ್ಲಿ ಕೂತ. ಆತ ಎದುರಿಸಿದ ಮೊದಲ ವಾರ್ಷಿಕ ಸಭೆಯಲ್ಲಿ ಒಬ್ಬ ಷೇರುದಾರ ಎದ್ದು ನಿಂತು, ಈ ವಯಸ್ಸಿನವನಿಂದ ಕಂಪೆನಿ ನಡೆಯದು, ಅನುಭವಿಗಳಿಗೆ ಮಾರಿಬಿಡುವುದು ಲೇಸು ಎಂದು ಮುಖಕ್ಕೆ ಹೇಳಿದ ಪ್ರಸಂಗ ಬಹಳ ಪ್ರಸಿದ್ಧ. ಆ ಮಾತನ್ನು ಸುಳ್ಳು ಮಾಡಿದ ಛಲದ ಕತೆಯಾಗಿ ಅದನ್ನು ಹೇಳುತ್ತಾರೆ. ನಮಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಷೇರುದಾರ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ. 21ರ ಹರೆಯದ ಬೇರೆ ಯಾವ ಹುಡುಗನಿಗೂ ಆ ಕುರ್ಚಿ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಮಗನಾದ್ದರಿಂದ. ಸಿಕ್ಕಿದ ಮೇಲೆ ಆತ ಮಾಡಿದ್ದು ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ‘ಸ್ವಂತ ಬಲದಿಂದ ಮೇಲೆ ಬಂದವರು’ ಎಂಬ ಪದಗುಚ್ಛವನ್ನು ಇಲ್ಲಿ ಬಳಸುವುದು ಆ ಪದಕ್ಕೂ ಅವಮಾನ, ನಿಜವಾಗಿ ಹಾಗೆ ಬಂದವರಿಗೂ ಅವಮಾನ.

ಅಮಳನೇರ್‌ನ ಇನ್ನೊಂದು ವಿಶೇಷ ಹೇಳದೆ ಮುಂದೆ ಹೋಗುವಂತಿಲ್ಲ. ಕಂಪೆನಿಯ ಷೇರುಗಳನ್ನು ಅಲ್ಲಿನ ಸಾಮಾನ್ಯ ಕುಟುಂಬಗಳೂ ಕೊಂಡಿದ್ದವು. ಮಾರದೆ ಇಟ್ಟುಕೊಂಡವರ ಮಕ್ಕಳು, ಮೊಮ್ಮಕ್ಕಳು ಕೋಟ್ಯಧೀಶರಾದರು. ವಿಪ್ರೋದ ಲಾಭ ಅದನ್ನು ಕೈಯಾರೆ ಕಟ್ಟಿದ ಊರಿನ ಒಂದಷ್ಟು ಮನೆಗಳಿಗಾದರೂ ಹರಿಯಿತು. ನಮ್ಮ ದೇಶದ ಕಾರ್ಖಾನೆ ಪಟ್ಟಣಗಳ ಇತಿಹಾಸದಲ್ಲಿ ಇದು ಅಪರೂಪ.

ಎಣ್ಣೆ ಕಂಪೆನಿ ಕಂಪ್ಯೂಟರಿಗೆ ಹೇಗೆ ಬಂತು? ‘ದೂರದೃಷ್ಟಿ’ ಎಂಬ ಒಂದೇ ಪದದಲ್ಲಿ ಈ ಪ್ರಶ್ನೆಗೆ ಉತ್ತರಿಸುವುದು ವಾಡಿಕೆ. ವಾಸ್ತವದಲ್ಲಿ ಬಾಗಿಲು ತೆರೆದದ್ದು ಸರಕಾರ. 1973ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ವಿದೇಶಿ ಕಂಪೆನಿಗಳು ಇಲ್ಲಿನ ತಮ್ಮ ಪಾಲನ್ನು ಶೇ.40ಕ್ಕೆ ಇಳಿಸಬೇಕಿತ್ತು. 1977ರಲ್ಲಿ ಜನತಾ ಸರಕಾರದ ಕೈಗಾರಿಕಾ ಸಚಿವರಾಗಿದ್ದ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಆ ನಿಯಮವನ್ನು ಸಡಿಲಿಸಲು ಒಪ್ಪಲಿಲ್ಲ. ಕೋಕಾ ಕೋಲಾ ಹೋಯಿತು, ಐ.ಬಿ.ಎಂ. ಕೂಡಾ ಗಂಟುಮೂಟೆ ಕಟ್ಟಿತು. ಖಾಲಿಯಾದ ಆ ಜಾಗಕ್ಕೆ ನುಗ್ಗಿದ ಕೆಲವೇ ದೇಶಿ ಕಂಪೆನಿಗಳಲ್ಲಿ, ಅದೇ 1977ರಲ್ಲಿ ಹೆಸರು ಬದಲಿಸಿಕೊಂಡು ವಿಪ್ರೋ ಆಗಿದ್ದ ಪ್ರೇಮ್‌ಜಿ ಕಂಪೆನಿಯೂ ಒಂದು. ಬೆಂಗಳೂರಿನಲ್ಲಿ ಸರಕಾರಿ ಕಾರ್ಖಾನೆಗಳು ಮತ್ತು ಸರಕಾರಿ ವಿದ್ಯಾಸಂಸ್ಥೆಗಳು ತಯಾರು ಮಾಡಿಟ್ಟ ಇಂಜಿನಿಯರುಗಳಿದ್ದರು. ಮುಂದೆ 1990ರ ದಶಕದಲ್ಲಿ ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ತೆರಿಗೆ ವಿನಾಯಿತಿ ಸಿಕ್ಕಿತು; ಸಾಫ್ಟ್‌ವೇರ್ ಪಾರ್ಕ್ ಘಟಕಗಳಿಗೆ ಅದು 2011ರ ಮಾರ್ಚ್‌ವರೆಗೂ ಮುಂದುವರಿಯಿತು. ಪ್ರೇಮ್‌ಜಿಯವರ ಜಾಣ್ಮೆಯಿರುವುದು ತೆರೆದ ಬಾಗಿಲನ್ನು ಗುರುತಿಸಿದ್ದರಲ್ಲಿ, ಸಮರ್ಥರನ್ನು ಆರಿಸಿ ಕೆಲಸ ಒಪ್ಪಿಸಿದ್ದರಲ್ಲಿ. ಅದು ಸಣ್ಣದಲ್ಲ. ಆದರೆ ಸಾರ್ವಜನಿಕರ ಪಾಲನ್ನು ಅಳಿಸಿ ಬರೆದ ಜೀವನಚರಿತ್ರೆ ಅರ್ಧ ಚರಿತ್ರೆ ಮಾತ್ರ.

ಕಂಪೆನಿಯ ಚರಿತ್ರೆಯಲ್ಲಿ ಅಭಿಮಾನಿಗಳು ಬೇಗ ದಾಟಿಬಿಡುವ ಪುಟಗಳೂ ಇವೆ. 2000ದಲ್ಲಿ ನ್ಯೂಯಾರ್ಕ್ ಷೇರು ಮಾರುಕಟ್ಟೆಗೆ ಹೋದಾಗ ವಿಪ್ರೋ ವಿಶ್ವಬ್ಯಾಂಕಿನ ಸಿಬ್ಬಂದಿಗೆ ಷೇರು ಕೊಳ್ಳುವ ಅವಕಾಶ ನೀಡಿತ್ತು. ಅದು ಅನುಚಿತ ಲಾಭ ಎಂದು ತೀರ್ಮಾನಿಸಿದ ವಿಶ್ವಬ್ಯಾಂಕ್ 2007ರಿಂದ ನಾಲ್ಕು ವರ್ಷ ವಿಪ್ರೋವನ್ನು ತನ್ನ ಗುತ್ತಿಗೆಗಳಿಂದ ದೂರವಿಟ್ಟಿತು. ಈ ಸಂಗತಿ ಹೊರಬಂದದ್ದು 2009ರ ಜನವರಿಯಲ್ಲಿ, ಸತ್ಯಂ ಹಗರಣದ ಗದ್ದಲದ ನಡುವೆ. ನಿಯಮದಂತೆಯೇ ನಡೆದುಕೊಂಡಿದ್ದೇವೆ ಎಂದು ಕಂಪೆನಿ ಹೇಳಿತು. 2023ರ ಆರಂಭದಲ್ಲಿ ಇನ್ನೊಂದು ಪ್ರಕರಣ. ವರ್ಷಕ್ಕೆ 6.5 ಲಕ್ಷ ರೂಪಾಯಿ ಸಂಬಳದ ಭರವಸೆ ಪಡೆದು ತಿಂಗಳುಗಟ್ಟಲೆ ಕಾದಿದ್ದ ಹೊಸಬರಿಗೆ 3.5 ಲಕ್ಷಕ್ಕೆ ಒಪ್ಪುತ್ತೀರಾ ಎಂದು ಕೇಳಲಾಯಿತು. ಆಗ ಪ್ರೇಮ್‌ಜಿ ಅಧಿಕಾರದಲ್ಲಿರಲಿಲ್ಲ, ನಿಜ. ಆದರೆ ಮೂರು ವರ್ಷ ಹಿಂದೆ, 2020ರ ಮೇ ತಿಂಗಳಲ್ಲಿ, ಕೊರೋನಾ ನೆಪದಲ್ಲಿ ರಾಜ್ಯ ಸರಕಾರಗಳು ಕಾರ್ಮಿಕ ಕಾನೂನುಗಳನ್ನು ಅಮಾನತಿನಲ್ಲಿಡಲು ಹೊರಟಾಗ ಅದನ್ನು ಖಂಡಿಸಿ ಪತ್ರಿಕೆಯಲ್ಲಿ ಬರೆದ ಉದ್ಯಮಿ ಅವರೇ. ಔರಂಗಾಬಾದ್ ಬಳಿ ರೈಲು ಹಳಿಯ ಮೇಲೆ ನಿದ್ದೆಹೋಗಿದ್ದ 16 ವಲಸೆ ಕಾರ್ಮಿಕರು ಗೂಡ್ಸ್ ರೈಲಿಗೆ ಸಿಕ್ಕಿ ಸತ್ತದ್ದನ್ನು ನೆನೆದು, ಅದು ಕ್ಷಮಿಸಲಾಗದ ದುರಂತ ಎಂಬ ಭಾವದಲ್ಲಿ ಅವರು ಬರೆದರು. ಉದ್ಯಮಪತಿಗಳ ಪೈಕಿ ಹಾಗೆ ಬಾಯಿಬಿಟ್ಟವರು ತೀರಾ ವಿರಳ. ಆ ಬರಹವನ್ನು ಹೊಗಳುವವರು 2023ರ ಸಂಬಳದ ಪತ್ರವನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಈ ಬದುಕಿನಲ್ಲಿ ಉಳಿಯುವ ದೊಡ್ಡ ಸಂಗತಿ ದಾನ. ಅದರ ಬೇರು ತಾಯಿಯ ಕಡೆಯಿಂದ ಬಂದದ್ದು ಎಂದು ಅವರೇ ಹೇಳುತ್ತಾರೆ. ತಾಯಿ ಗುಲ್‌ಬಾನೂ ವೈದ್ಯೆ. ಮುಂಬಯಿಯ ಹಾಜಿ ಅಲಿಯ ಬಳಿ ಪೋಲಿಯೋ ಪೀಡಿತ ಮಕ್ಕಳಿಗಾಗಿ ಇದ್ದ ಮೂಳೆ ಆಸ್ಪತ್ರೆಯನ್ನು ದಶಕಗಳ ಕಾಲ ನಡೆಸಿದವರು. ಹಣ ಸಾಲದೆ ಸರಕಾರದ ಬಾಗಿಲಿಗೆ ಅಲೆದವರು. ತಂದೆಯ ಅಕ್ಕಿ ವ್ಯಾಪಾರ, ಜಿನ್ನಾ ಪ್ರಸಂಗಗಳಿಗೆ ಪುಟಗಟ್ಟಲೆ ಜಾಗ ಕೊಡುವವರು ಈ ಮಹಿಳೆಗೆ ಒಂದು ಪ್ಯಾರಾ ಕೊಟ್ಟು ಮುಗಿಸುತ್ತಾರೆ. ಮುಸ್ಲಿಂ ಮಹಿಳೆಯ ಬಗ್ಗೆ ದಿನಕ್ಕೊಂದು ಚರ್ಚೆ ನಡೆಸುವ ದೇಶದಲ್ಲಿ ಸ್ವಾತಂತ್ರ್ಯದ ಆಸುಪಾಸಿನ ಕಾಲದ ಒಬ್ಬ ಮುಸ್ಲಿಂ ವೈದ್ಯೆಯ ಕತೆ ಯಾರಿಗೂ ಬೇಡವಾಗಿದೆ.

ಫೌಂಡೇಶನ್ ಆರಂಭವಾದದ್ದು 2001ರಲ್ಲಿ. 2010ರಲ್ಲಿ ಸುಮಾರು 8,846 ಕೋಟಿ ರೂಪಾಯಿ ಬೆಲೆಯ ಷೇರುಗಳನ್ನು ಅದಕ್ಕೆ ವರ್ಗಾಯಿಸಲಾಯಿತು. 2013ರಲ್ಲಿ ಬಿಲ್ ಗೇಟ್ಸ್, ವಾರೆನ್ ಬಫೆಟ್ ಆರಂಭಿಸಿದ ದಾನದ ಪ್ರತಿಜ್ಞೆಗೆ ಪ್ರೇಮ್‌ಜಿ ಸಹಿ ಹಾಕಿದರು. ಭಾರತೀಯರಲ್ಲಿ ಅವರೇ ಮೊದಲಿಗರು. 2019ರ ಮಾರ್ಚ್‌ನಲ್ಲಿ ವಿಪ್ರೋದ ಇನ್ನೂ ಶೇ.34ರಷ್ಟು ಷೇರುಗಳ ಆರ್ಥಿಕ ಒಡೆತನವನ್ನು ಮರಳಿ ಪಡೆಯಲಾಗದಂತೆ ಬಿಟ್ಟುಕೊಟ್ಟರು. ಅಲ್ಲಿಗೆ ಕಂಪೆನಿಯ ಶೇ.67ರಷ್ಟು ಷೇರುಗಳ ಆದಾಯ ದಾನನಿಧಿಯ ಪಾಲಾಯಿತು. ನಿಧಿಯ ಒಟ್ಟು ಮೌಲ್ಯ ಅಂದಿನ ಲೆಕ್ಕದಲ್ಲಿ 1.45 ಲಕ್ಷ ಕೋಟಿ ರೂಪಾಯಿ.

ಮೂಲಧನವನ್ನು ಮುಟ್ಟದೆ, ಮರಳಿ ಪಡೆಯದೆ, ಅದರ ಫಲವನ್ನು ಮಾತ್ರ ಜನಹಿತಕ್ಕೆ ಬಿಡುವುದು. ನಮ್ಮ ಓದುಗರಿಗೆ ಈ ವ್ಯವಸ್ಥೆಯ ಹೆಸರು ಹೇಳಿಕೊಡಬೇಕಾಗಿಲ್ಲ. ಪ್ರೇಮ್‌ಜಿ ಇದನ್ನು ವಕ್ಫ್ ಎಂದು ಕರೆದಿಲ್ಲ. ಪ್ರತಿಜ್ಞೆಯ ಪತ್ರದಲ್ಲಿ ಅವರು ನೆನೆದದ್ದು ಗಾಂಧೀಜಿಯ ಧರ್ಮದರ್ಶಿತ್ವವನ್ನು. ಕಾನೂನಿನ ದೃಷ್ಟಿಯಲ್ಲೂ ಇದು ವಕ್ಫ್ ಅಲ್ಲ. ಆದರೂ ಹೋಲಿಕೆ ಉಪಯುಕ್ತ, ಹೊಗಳಲಿಕ್ಕಾಗಿ ಅಲ್ಲ, ಪ್ರಶ್ನೆ ಕೇಳಲಿಕ್ಕಾಗಿ. ವಕ್ಫ್ ಎಂದೊಡನೆ ಮುತವಲ್ಲಿ ಯಾರು ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ಷೇರಿನ ಫಲ ನಿಧಿಗೆ ಹೋದರೂ ಷೇರು ಹಿಡಿದ ಸಂಸ್ಥೆಗಳ ನಿಯಂತ್ರಣ ಪ್ರೇಮ್‌ಜಿಯವರ ಬಳಿಯೇ ಇತ್ತು. ಅದೇ 2019ರ ಜುಲೈ ಕೊನೆಯಲ್ಲಿ ಅವರು ನಿವೃತ್ತರಾದಾಗ ಕಂಪೆನಿಯ ಅಧ್ಯಕ್ಷ ಕುರ್ಚಿಗೆ ಬಂದದ್ದು ಹಿರಿಯ ಮಗ ರಿಷದ್. ಹಾರ್ವರ್ಡ್‌ನಲ್ಲಿ ಓದಿದವರು, 2007ರಿಂದ ಕಂಪೆನಿಯಲ್ಲಿ ದುಡಿದವರು, ಯೋಗ್ಯರೇ ಇರಬಹುದು. ಆದರೆ ಪ್ರತಿಭೆಗೆ ಮಾತ್ರ ಮನ್ನಣೆ ಎಂದು ಸಾರುತ್ತಾ ಬಂದ ಸಂಸ್ಥೆಯಲ್ಲಿ ಮೂರನೇ ತಲೆಮಾರಿಗೂ ಕುರ್ಚಿ ಮನೆಯೊಳಗೇ ಉಳಿಯಿತು. ಹಣವನ್ನು ಬಿಟ್ಟುಕೊಡುವುದಕ್ಕಿಂತ ಅಧಿಕಾರವನ್ನು ಬಿಟ್ಟುಕೊಡುವುದು ಮನುಷ್ಯರಿಗೆ ಕಷ್ಟ ಎಂದು ತೋರುತ್ತದೆ.

ಈ ಮಾತಿಗೆ ನಮ್ಮಲ್ಲೇ ಒಂದು ಹಳೆಯ ಉದಾಹರಣೆಯಿದೆ. ರೂಹ್ ಅಫ್ಝಾ ತಯಾರಿಸುವ ದೆಹಲಿಯ ಹಮ್‌ದರ್ದ್ ದವಾಖಾನೆಯನ್ನು ಹಕೀಮ್ ಅಬ್ದುಲ್ ಹಮೀದ್ 1948ರಲ್ಲಿ ವಕ್ಫ್ ಮಾಡಿದರು. ಅದರ ಲಾಭದಿಂದ ಆಸ್ಪತ್ರೆ, ಗ್ರಂಥಾಲಯ, ಮುಂದೆ ಒಂದು ವಿಶ್ವವಿದ್ಯಾಲಯವೇ ಎದ್ದುನಿಂತಿತು. ಪ್ರೇಮ್‌ಜಿಯವರಿಗಿಂತ ಅರ್ಧ ಶತಮಾನ ಮೊದಲೇ ಇಂಥದೊಂದು ಕೆಲಸ ನಡೆದಿತ್ತು ಎಂಬುದನ್ನು ವಾಣಿಜ್ಯ ಪತ್ರಿಕೆಗಳು ನೆನಪಿಸುವುದಿಲ್ಲ. ಆದರೆ ಸ್ಥಾಪಕರು ತೀರಿಕೊಂಡ ಮೇಲೆ ಮುಖ್ಯ ಮುತವಲ್ಲಿ ಯಾರಾಗಬೇಕು ಎಂಬ ಕುಟುಂಬದ ವ್ಯಾಜ್ಯ 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ದಾನಿಯ ಸದುದ್ದೇಶ ಎಷ್ಟೇ ಶುದ್ಧವಾಗಿದ್ದರೂ ದಾನದ ನಂತರದ ಆಡಳಿತವನ್ನು ರಕ್ತಸಂಬಂಧಕ್ಕೆ ಕಟ್ಟಿಹಾಕಿದರೆ ಏನಾಗಬಹುದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಪ್ರೇಮ್‌ಜಿ ಫೌಂಡೇಶನ್‌ನ ವಿಷಯದಲ್ಲಿ ನಮಗೆ ತುಂಬಾ ಮೆಚ್ಚುಗೆಯಾಗುವುದು ಅದು ಆರಿಸಿಕೊಂಡ ಕ್ಷೇತ್ರ. ದುಡ್ಡಿದ್ದವರು ಸಾಮಾನ್ಯವಾಗಿ ತಮ್ಮ ಹೆಸರಿನ ಶಾಲೆ ಕಟ್ಟುತ್ತಾರೆ. ನಮ್ಮ ಸಮುದಾಯದ ಧನಿಕರೂ ಅಷ್ಟೇ. ಮಸೀದಿಯ ಗೋಡೆಯಲ್ಲಿ, ಶಾದಿ ಮಹಲ್‌ನ ಬಾಗಿಲಲ್ಲಿ ಅಮೃತಶಿಲೆಯ ಫಲಕವಿಲ್ಲದೆ ಕೊಡುಗೆ ಪೂರ್ಣವಾಗುವುದಿಲ್ಲ. ಈ ಫೌಂಡೇಶನ್ ಮಾತ್ರ ಮುಖ್ಯವಾಗಿ ಸರಕಾರಿ ಶಾಲೆಯ ಮೇಷ್ಟ್ರುಗಳ ಜೊತೆ ಕೆಲಸ ಮಾಡಲು ಹೊರಟಿತು. ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ, ರಾಜಸ್ಥಾನದ ಟೋಂಕ್‌ನಲ್ಲಿ, ಛತ್ತೀಸ್‌ಗಢದಲ್ಲಿ ತಳವೂರಿತು. ಮುಸ್ಲಿಂ ಮಕ್ಕಳೆಂದರೆ ಮದ್ರಸದ ಮಕ್ಕಳು ಎಂದು ತಿಳಿದವರಿಗೆ ಸಾಚಾರ್ ವರದಿ ಹೇಳಿದ್ದು, ಮದ್ರಸಕ್ಕೆ ಹೋಗುವವರು ಶೇ.3-4ರಷ್ಟು ಮಾತ್ರ ಎಂದು. ಉಳಿದ ಬಡ ಮಕ್ಕಳಲ್ಲಿ ಹೆಚ್ಚಿನವರು ಇರುವುದು ಸರಕಾರಿ ಶಾಲೆಗಳಲ್ಲೇ. ಅಂದ ಮೇಲೆ ಮುಸ್ಲಿಮರಿಗೆಂದು ಒಂದು ರೂಪಾಯಿಯನ್ನೂ ಬೇರೆ ತೆಗೆದಿಡದ ಈ ಮನುಷ್ಯ, ಕಲಬುರಗಿಯ ಉರ್ದು ಶಾಲೆಯ ಮಕ್ಕಳಿಗೆ ಮುಟ್ಟಿದಷ್ಟು ನಮ್ಮ ಅನೇಕ ಸಮುದಾಯ ಸಂಸ್ಥೆಗಳು ಮುಟ್ಟಿಲ್ಲ.

ಆದರೆ ಕೊಡುವವನಿಗೂ ಪಡೆಯುವ ಸರಕಾರಕ್ಕೂ ನಡುವೆ ಗಡಿ ಎಲ್ಲಿ ಎಂಬುದು ಬಗೆಹರಿದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರೇಮ್‌ಜಿಯವರಿಗೆ ಒಂದು ಪತ್ರ ಬರೆದು, ಹೊರವರ್ತುಲ ರಸ್ತೆಯ ವಾಹನ ದಟ್ಟಣೆ ತಗ್ಗಿಸಲು ವಿಪ್ರೋದ ಸರ್ಜಾಪುರ ಕ್ಯಾಂಪಸ್‌ನೊಳಗಿಂದ ಕೆಲವು ವಾಹನಗಳನ್ನು ಬಿಡಬಹುದೇ ಎಂದು ಕೇಳಿದರು. ಕೆಲವೇ ದಿನಗಳಲ್ಲಿ ಉತ್ತರ ಬಂತು: ಅದು ಷೇರುದಾರರಿರುವ ಕಂಪೆನಿಯ ಖಾಸಗಿ ಆಸ್ತಿ, ವಿಶೇಷ ಆರ್ಥಿಕ ವಲಯ, ವಿದೇಶಿ ಗ್ರಾಹಕರೊಂದಿಗಿನ ಒಪ್ಪಂದಗಳೂ ಅಡ್ಡ ಬರುತ್ತವೆ, ಬೇಕಾದರೆ ಸಂಚಾರ ಸಮಸ್ಯೆಯ ತಜ್ಞ ಅಧ್ಯಯನಕ್ಕೆ ಖರ್ಚಿನ ದೊಡ್ಡ ಪಾಲು ಕೊಡುತ್ತೇವೆ. ಕಾನೂನು ಪ್ರಕಾರ ಉತ್ತರ ಸರಿಯೇ. ನಮಗೆ ಮುಜುಗರವಾದದ್ದು ಪ್ರಶ್ನೆಯ ಬಗ್ಗೆ. ರಸ್ತೆ ಕಟ್ಟಬೇಕಾದ ಸರಕಾರ ಒಬ್ಬ ಉದ್ಯಮಿಯ ಗೇಟಿನ ಮುಂದೆ ಅರ್ಜಿ ಹಿಡಿದು ನಿಂತದ್ದು ಯಾಕೆ?

ಮಕ್ಕಳ ಮೊಟ್ಟೆಯಲ್ಲೂ ಇದೇ ಪ್ರಶ್ನೆಯಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಕೆಲವು ಮಠಾಧೀಶರು ಬೀದಿಗಿಳಿಯುವ ಎಚ್ಚರಿಕೆ ಕೊಟ್ಟಿದ್ದರು. ಮಕ್ಕಳು ಮಾತ್ರ ಮೊಟ್ಟೆ ಬೇಕೆಂದರು. 2024ರಲ್ಲಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ವಾರಕ್ಕೆ ಎರಡು ದಿನ ಸರಕಾರ ಕೊಡುತ್ತಿದ್ದ ಮೊಟ್ಟೆ ಆರು ದಿನಕ್ಕೆ ಏರಿತು. ರಾಜ್ಯದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳು ಇದರ ಫಲಾನುಭವಿಗಳು; ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಗೆ ಸಾಗಾಟ, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ 6 ರೂಪಾಯಿ ನಿಗದಿಯಾಯಿತು. ಮಾರುಕಟ್ಟೆಯಲ್ಲಿ ಬೆಲೆ ಅದನ್ನು ದಾಟಿದ ತಿಂಗಳುಗಳಲ್ಲಿ ವ್ಯತ್ಯಾಸ ತುಂಬುವ ತಲೆನೋವು ಬಿದ್ದದ್ದು ಶಾಲೆಯ ಮುಖ್ಯೋಪಾಧ್ಯಾಯರ ಮೇಲೆ. ಒಪ್ಪಂದದ ಮೂರು ವರ್ಷ 2027ರಲ್ಲಿ ಮುಗಿಯುತ್ತದೆ. ಉಳಿದ ನಾಲ್ಕು ದಿನಗಳ ಮೊಟ್ಟೆ ಆಮೇಲೆ ಯಾರ ಲೆಕ್ಕಕ್ಕೆ ಎಂಬುದನ್ನು ರಾಜ್ಯದ ಬಜೆಟ್ ಹೇಳಬೇಕೇ ಹೊರತು ಪ್ರೇಮ್‌ಜಿಯವರ ಪತ್ರವಲ್ಲ.